ದೀಪಕ್ಕೆ ಹಾಕಿದ ನೀಲಿ ಹಾಳೆ

ಕ್ಯಾಮೆರಾಮನ್ ಬೇಕು ಎಂದು ನನ್ನ ಬಳಿ ಬರುವ ಹೊಸ ನಿರ್ದೇಶಕರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು: ಅವನು ಕತ್ತರಿಸಿ ಅಂಟಿಸಿ ತಂದ ಚಂದದ ತುಣುಕುಗಳನ್ನು ನೋಡಿ ಮರುಳಾಗಬೇಡಿ. ಸೂರ್ಯಾಸ್ತವನ್ನು ಯಾರು ಬೇಕಾದರೂ ಚಂದ ಹಿಡಿಯುತ್ತಾರೆ, ಅರ್ಧ ಕೆಲಸ ಸೂರ್ಯನೇ ಮಾಡಿರುತ್ತಾನೆ. ಇಕ್ಕಟ್ಟಾದ ಅಡುಗೆಮನೆಯಲ್ಲಿ ಇಬ್ಬರು ಕೂತು ಜಗಳವಾಡುವ ಒಂದು ಇಡೀ ದೃಶ್ಯ ತೋರಿಸು ಅನ್ನಿ. ಅಲ್ಲಿ ಬಂಡವಾಳ ಬಯಲಾಗುತ್ತದೆ. ಆಮೇಲೆ ಮೇಕಪ್ ಮಾಡುವ ಹೆಂಗಸರನ್ನು ಕೇಳಿ, ಅವರ ಹತ್ತಿರ ಎಲ್ಲ ಕ್ಯಾಮೆರಾಮನ್‌ಗಳ ಜಾತಕವೂ ಇರುತ್ತದೆ. ಫೋಕಸ್ ನೋಡಿಕೊಳ್ಳುವವರು ಅವನ ಜೊತೆ ಎರಡನೇ ಸಲ ಬರುತ್ತಾರೋ ಇಲ್ಲವೋ ವಿಚಾರಿಸಿ. ಕಥೆ ಓದುವ ಮೊದಲೇ ಯಾವ ಕಂಪನಿಯ ಕ್ಯಾಮೆರಾ ಎಂದು ಕೇಳುವವನಿಗೆ ಒಂದು ಕಪ್ ಚಹಾ ಕುಡಿಸಿ ಮನೆಗೆ ಕಳಿಸಿ.

ಹಾಂಗ್‌ಕಾಂಗಿನ ಸಿನಿಮಾಗಳಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಕೆಲಸ ಮಾಡುತ್ತಲೇ ನನ್ನ ಕೂದಲು ನೆರೆತಿದೆ. ಹೆಸರು ಫಾನ್ ಸುಕ್-ಮನ್. ಸೆಟ್ಟಿನಲ್ಲಿ ಎಲ್ಲರಿಗೂ ನಾನು ಮನ್ ಜೆ, ಅಂದರೆ ಮನ್ ಅಕ್ಕ. ಕೆಲಸಕ್ಕೆ ಜನರನ್ನು ಆರಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬವೂ ಉಂಟು. ಇಷ್ಟೆಲ್ಲ ಪಾಠ ಹೇಳುವ ನಾನು ಮೊಕ್ ಗಾಮ್-ಚುನ್‌ನನ್ನು ತೆಗೆದುಕೊಂಡಾಗ ಮಾತ್ರ ಇದರಲ್ಲಿ ಒಂದನ್ನೂ ಕೇಳಲಿಲ್ಲ. ಅವನ ಅಕ್ಕ ಕೇಳಲು ಬಿಡಲಿಲ್ಲ.

ಅಕ್ಕನ ಹೆಸರು ಸೌ-ಲಾನ್. ನಮಗೆಲ್ಲ ಲಾನ್ ಜೆ. ಅತ್ತೆ, ದೆವ್ವ, ತರಕಾರಿಯವಳು, ಜೂಜಾಡುವ ನೆರೆಮನೆಯವಳು, ಹೀಗೆ ಆಕೆ ಮಾಡದ ಪಾತ್ರವಿಲ್ಲ. ಬೀದಿಯಲ್ಲಿ ಹೋದರೆ ಎಲ್ಲರೂ ತಿರುಗಿ ನೋಡುತ್ತಿದ್ದರು, ಹೆಸರು ಮಾತ್ರ ಯಾರಿಗೂ ನೆನಪಾಗುತ್ತಿರಲಿಲ್ಲ. ಅಂಥವಳಿಗೆ ಎಪ್ಪತ್ತರ ಹತ್ತಿರ ಮೊದಲ ಬಾರಿ ದೊಡ್ಡ ಪಾತ್ರ ಬಂತು. ಮಾರುಕಟ್ಟೆಯಲ್ಲಿ ಮೀನಿನ ಉಂಡೆ ಮಾರುತ್ತ, ಕೊನೆಗೆ ಆ ಗಾಡಿಯ ಪಕ್ಕದಲ್ಲೇ ಸಾಯುವ ಅಜ್ಜಿಯ ಕಥೆ. ನಿರ್ದೇಶಕಿ ಯಿಪ್ ಲೋಕ್-ಯೀಗೆ ಅದು ಮೊದಲ ಸಿನಿಮಾ. ಅವಳು, ಲಾನ್ ಜೆ, ನಾನು, ಮೂವರೂ ಟೋ ಕ್ವಾ ವಾನ್‌ನ ಒಂದು ಚಹಾ ಅಂಗಡಿಯಲ್ಲಿ ಕೂತೆವು.

"ಪಾತ್ರ ಮಾಡ್ತೀನಮ್ಮ," ಎಂದಳು ಲಾನ್ ಜೆ. "ಆದ್ರೆ ನನ್ನ ಮುಖಕ್ಕೆ ನನ್ನ ತಮ್ಮನೇ ದೀಪ ಇಡ್ಬೇಕು."

ಲೋಕ್-ಯೀ ನನ್ನ ಮುಖ ನೋಡಿದಳು. "ಲಾನ್ ಜೆ, ನಿಮ್ಮ ತಮ್ಮ ಸಿನಿಮಾ ಬಿಟ್ಟು ವರ್ಷಗಳೇ ಆಯ್ತಲ್ಲ. ನಾನು ಬೇರೆಯವರನ್ನ ನೋಡಿಟ್ಟಿದೀನಿ."

"ಅವನು ಸಿನಿಮಾ ಬಿಟ್ಟಿಲ್ಲ. ಸಿನಿಮಾದೋರು ಅವನ್ನ ಬಿಟ್ರು."

"ನಿಧಾನ ಅಂತ ಬಿಟ್ಟಿದ್ದು ಜೆ," ಎಂದೆ ನಾನು. "ಅವನು ದೀಪ ಇಟ್ಟು ಮುಗಿಸೋಷ್ಟರಲ್ಲಿ ನಮ್ಮ ಊಟ ಆರಿ ಹೋಗ್ತಿತ್ತು."

"ಬಿಸಿ ಮಾಡ್ಕೊಂಡು ತಿನ್ನಿ. ಮುಖ ಆರಿದ್ರೆ ಬಿಸಿ ಮಾಡೋಕಾಗಲ್ಲ." ಬೆಣ್ಣೆ ಹಚ್ಚಿದ ಬನ್ನನ್ನು ನನ್ನ ತಟ್ಟೆಗೆ ದೂಡಿ, "ನೀನು ತಿನ್ನು, ನಂಗೆ ಸೇರ್ತಿಲ್ಲ," ಎಂದಳು. ಹಟ ಅಂದರೆ ಹಟ. ತಮ್ಮನಿಲ್ಲದೆ ಅಜ್ಜಿಯಿಲ್ಲ.

ಈ ಅಕ್ಕ ತಮ್ಮಂದಿರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ತಾಯಿ ಸತ್ತಾಗ ಚುನ್ ಇನ್ನೂ ಎಡವಿ ಬೀಳುವ ವಯಸ್ಸಿನವನು. ನಾಟಕದ ಮೇಳದಲ್ಲಿದ್ದ ಅಕ್ಕನೇ ಅವನನ್ನು ಬಟ್ಟೆಯ ಪೆಟ್ಟಿಗೆಗಳ ನಡುವೆ ಮಲಗಿಸಿ ಸಾಕಿದಳು. ಆಮೇಲೆ ಅವಳು ಸ್ಟುಡಿಯೋ ಸೇರಿದಾಗ ಅವನನ್ನೂ ಕರೆದೊಯ್ದು ಕ್ಯಾಮೆರಾಗೆ ರೀಲು ತುಂಬುವ ಕೆಲಸಕ್ಕೆ ಹಚ್ಚಿದಳು. ನಾಯಕಿ ಬರುವ ಮುಂಚೆ ದೀಪ ಸರಿಮಾಡಲು ಅವಳ ಜಾಗದಲ್ಲಿ ಯಾರಾದರೂ ಕೂರಬೇಕಲ್ಲ, ಅಲ್ಲಿ ಕೂರುತ್ತಿದ್ದವಳು ಲಾನ್ ಜೆ. ಅಂತೂ ಚುನ್ ಬೆಳಕನ್ನು ಕಲಿತದ್ದು ಅಕ್ಕನ ಮುಖದ ಮೇಲೆ. ಕೆನ್ನೆಯ ನೆರಳು ಎಷ್ಟಿರಬೇಕು, ಚರ್ಮ ಯಾವ ಬಣ್ಣ ಕಂಡರೆ ಸರಿ, ಎಲ್ಲದಕ್ಕೂ ಅವನಿಗೆ ಆ ಮುಖವೇ ಅಳತೆಗೋಲು.

ನಾನು ಮೋಂಗ್ ಕೋಕ್‌ನಲ್ಲಿ ಅವನನ್ನು ಹುಡುಕಿಕೊಂಡು ಹೋದಾಗ ಗುರುತಿನ ಚೀಟಿಗೆ ಫೋಟೋ ತೆಗೆಯುವ ಕಿರಿದಾದ ಅಂಗಡಿಯಲ್ಲಿ ಕೂತಿದ್ದ. ಒಬ್ಬ ಮುದುಕ ಸ್ಟೂಲಿನ ಮೇಲೆ ಕೂತ, ಚುನ್ ಗುಂಡಿ ಒತ್ತಿದ, ಮುದುಕ ಎದ್ದ. ವಿಷಯ ಹೇಳಿದೆ.

"ಅಕ್ಕ ಕಳಿಸಿದ್ಲಾ?" ಎಂದ.

"ಇಲ್ಲ, ನಿನ್ನ ಚಂದ ನೋಡಿ ನಾನೇ ಬಂದೆ. ಒಂದು ದಿನ ಪರೀಕ್ಷೆ ಚಿತ್ರೀಕರಣ ಇದೆ. ಬಾ."

ಪರೀಕ್ಷೆಯಿಲ್ಲದೆ ಯಾರನ್ನೂ ತೆಗೆದುಕೊಳ್ಳಬೇಡಿ. ಅದೇ ನಟಿ, ಅದೇ ಬಟ್ಟೆ, ಅಂಥದೇ ಕೋಣೆ ಇರಬೇಕು. ಚುನ್ ಒಂದು ಹಳೆಯ ಬಿಳಿ ಹೊದಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಅದನ್ನು ಕಿಟಕಿಗೆ ಕಟ್ಟಿದ, ಬಿಸಿಲು ಹಿಟ್ಟಿನಂತೆ ಜರಡಿಯಾಯಿತು. ಅಕ್ಕನ ಮಡಿಲಿನ ಬಳಿ ಥರ್ಮೋಕೋಲ್ ಹಲಗೆಯನ್ನು ಇಟ್ಟು ಬೆಳಕನ್ನು ಗಲ್ಲದ ಕೆಳಗೆ ತಿರುಗಿಸಿದ. ಕ್ಯಾಮೆರಾವನ್ನು ಗೋಡೆಯವರೆಗೆ ಹಿಂದೆ ಸರಿಸಿ, ದೂರದ್ದನ್ನು ಹತ್ತಿರ ಎಳೆಯುವ ಲೆನ್ಸ್ ಹಾಕಿ, ಕಣ್ಣಿಗಿಂತ ತುಸು ಮೇಲೆ ನಿಲ್ಲಿಸಿದ. ಹತ್ತಿರದಿಂದ ಅಗಲದ ಲೆನ್ಸಿನಲ್ಲಿ ತೆಗೆದರೆ ಮೂಗು ಮುಂದೆ ಬರುತ್ತದೆ, ಕೆನ್ನೆ ಓಡಿಹೋಗುತ್ತದೆ, ಮುದುಕಿಯರ ಮುಖಕ್ಕೆ ಅದು ಮಹಾಪಾಪ ಎಂಬುದು ಅವನ ಸಿದ್ಧಾಂತ. ಊಟ ಆರಿತು, ನಿಜ. ಆದರೆ ಮಾನಿಟರ್ ನೋಡಿದ ಲೋಕ್-ಯೀ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅಲ್ಲಿ ಕೂತಿದ್ದ ಅಜ್ಜಿಗೆ ವಯಸ್ಸಾಗಿತ್ತು, ಮುಪ್ಪು ಮಾತ್ರ ಇರಲಿಲ್ಲ.

"ಬೇರೆ ಯಾರೂ ಬೇಡ ಮನ್ ಜೆ," ಎಂದಳು ನಿರ್ದೇಶಕಿ.

ಲಾನ್ ಜೆ ತಮ್ಮನ ಕಡೆ ನೋಡದೆ ನನ್ನ ಕಡೆ ನೋಡಿ ಕಣ್ಣು ಹೊಡೆದಳು.

ನಮ್ಮಲ್ಲಿ ಕ್ಯಾಮೆರಾ ಮೊದಲ ಸಲ ತೆರೆಯುವ ದಿನ ಪೂಜೆಯಿದೆ. ಸುಟ್ಟ ಹಂದಿ, ಹಣ್ಣು, ಊದುಬತ್ತಿ, ಕ್ಯಾಮೆರಾ ಮೇಲೆ ಕೆಂಪು ಬಟ್ಟೆ. ದಿಕ್ಕುದಿಕ್ಕಿಗೆ ಕೈಮುಗಿದ ಮೇಲೆ ಕ್ಯಾಮೆರಾಮನ್ ಬಟ್ಟೆ ತೆಗೆಯುತ್ತಾನೆ. ಚುನ್ ಬಟ್ಟೆಯ ತುದಿ ಹಿಡಿದು ಮೆಲ್ಲಗೆ, ಬೆರಳಷ್ಟು ಬೆರಳಷ್ಟೇ ಎಳೆದ. ದೀಪಗಳ ಮೇಸ್ತ್ರಿ ಡುಮ್ಮ ಹುಂಗ್, "ಚುನ್ ಶುಕ್, ಹೆಣ್ಣು ನೋಡೋಕೆ ಬಂದಿದೀರಾ? ಮದುಮಗಳ ಮುಸುಕು ಎತ್ತುತಿದೀರೋ ಬಟ್ಟೆ ತೆಗೀತಿದೀರೋ?" ಎಂದ. ಶುಕ್ ಅಂದರೆ ಚಿಕ್ಕಪ್ಪ. ಸೆಟ್ಟಿನ ಕಿರಿಯರೆಲ್ಲ ಅವನನ್ನು ಹಾಗೇ ಕರೆಯುತ್ತಿದ್ದರು. ಎಲ್ಲರೂ ನಕ್ಕರು, ಚುನ್ ಕೂಡ ನಕ್ಕ. ಅವನು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಎರಡನೇ ವಾರದಲ್ಲಿ ಹಳದಿಯ ಜಗಳ ಶುರುವಾಯಿತು.

ದೀಪ ಇಟ್ಟಮೇಲೆ ಮುಖದ ಪಕ್ಕ ಒಂದು ಬಿಳಿ ಕಾರ್ಡು ಹಿಡಿದು, ಇದೇ ಬಿಳಿ ಎಂದು ಕ್ಯಾಮೆರಾಗೆ ಹೇಳಿಕೊಡುವುದು ರೂಢಿ. ಅಲ್ಲಿಂದ ಮುಂದೆ ಮಿಕ್ಕ ಬಣ್ಣಗಳು ತಾವಾಗಿ ಸರಿಯಾಗುತ್ತವೆ. ಅವತ್ತು ಕಾರ್ಡು ಸರಿಯಿತ್ತು. ಚುನ್ ಮಾತ್ರ ಮಾನಿಟರಿಗೆ ಮೂಗು ತಾಗಿಸಿ, "ದೀಪ ಹಳದಿ ಹೊಡೀತಿದೆ," ಎಂದ.

"ಹೊಸ ದೀಪ ಶುಕ್," ಎಂದ ಹುಂಗ್.

"ಹೊಸದಾದ್ರೆ ಹೊಸ ಹಳದಿ. ಅಕ್ಕನ ಮುಖ ನೋಡೋ. ಇದು ಅವಳ ಬಣ್ಣವಾ?"

ದೀಪ ಬದಲಾಯಿಸಿದರು. ಹಳದಿ ಹೋಗಲಿಲ್ಲ. ಬಾಡಿಗೆಯ ಅಂಗಡಿಯವನ ಜೊತೆ ಫೋನಿನಲ್ಲಿ ನಾನು ಆಡಿದ ಜಗಳವನ್ನು ಇಡೀ ಮಾರುಕಟ್ಟೆ ಕೇಳಿಸಿಕೊಂಡಿತು. ಹಳದಿ ಹೊಡೆಯುವ ದೀಪಗಳನ್ನು ನಮ್ಮ ತಲೆಗೆ ಕಟ್ಟುತ್ತೀಯಾ, ನಿನ್ನ ಅಂಗಡಿಗೆ ಬೀಗ ಜಡಿಸುತ್ತೇನೆ ಎಂದೆಲ್ಲ ಕೂಗಾಡಿದೆ. ಪಾಪ, ಅವನು ಬೇರೆ ದೀಪ ಕಳಿಸಿದ, ಲೆನ್ಸ್ ಬದಲಾಯಿಸಿದ, ತಾನೇ ಬಂದು ಅಳತೆಯ ಯಂತ್ರ ಹಿಡಿದು ನೋಡಿದ. "ಮನ್ ಜೆ, ನಿಮ್ಮಾಣೆ, ದೀಪದ್ದೇನೂ ತಪ್ಪಿಲ್ಲ," ಎಂದ. ನಾವು ಅವನನ್ನು ಕಳ್ಳನ ಹಾಗೆ ನೋಡಿದೆವು.

ಕೊನೆಗೆ ಚುನ್ ತನ್ನದೇ ದಾರಿ ಹಿಡಿದ. ಕಾರ್ಡು ತೋರಿಸಿಯಾದ ಮೇಲೆ ಅಕ್ಕನ ಮುಖಕ್ಕೆ ಬೀಳುವ ದೀಪಕ್ಕೆ ತೆಳ್ಳನೆಯ ನೀಲಿ ಹಾಳೆ ಹಾಕಿಸಿದ. ಮಾನಿಟರಿನಲ್ಲಿ ಹಳದಿ ಮಾಯವಾಯಿತು, ಲಾನ್ ಜೆ ಮೊದಲಿನಂತಾದಳು. ಗೋಡೆ, ಮೀನಿನ ಉಂಡೆ, ಹಬೆ ಎಲ್ಲ ಸ್ವಲ್ಪ ನೀಲಿಗೆ ತಿರುಗಿದವು. ಲೋಕ್-ಯೀಗೆ ಅದು ಬಹಳ ಹಿಡಿಸಿತು. "ಎಂಥ ತಣ್ಣನೆಯ ದುಃಖ ಇದೆ ಇದರಲ್ಲಿ!" ಎಂದಳು. ಒಂದು ವಾರ ಕಳೆದ ಮೇಲೆ ಒಂದು ಹಾಳೆ ಸಾಲಲಿಲ್ಲ, ಎರಡು ಹಾಕಿಸಿದ. ಆಮೇಲೆ ಇನ್ನೂ ಗಾಢವಾದದ್ದು ತರಿಸಿದ. ದೀಪ ಸುಳ್ಳು ಹೇಳಬಹುದು, ಕ್ಯಾಮೆರಾ ಸುಳ್ಳು ಹೇಳಬಹುದು, ಬಾಡಿಗೆಯವನಂತೂ ಹುಟ್ಟು ಸುಳ್ಳ. ಅಕ್ಕನ ಮುಖ ತಪ್ಪಾಗಿರಬಹುದು ಎಂಬ ಯೋಚನೆ ಮಾತ್ರ ಅವನ ತಲೆಗೆ ಬರುವಂತೆಯೇ ಇರಲಿಲ್ಲ.

ನಮಗಾದರೂ ಬರಬೇಕಿತ್ತಲ್ಲ ಎಂದು ನೀವು ಕೇಳಬಹುದು. ಲಾನ್ ಜೆ ನಾಟಕದ ಮೇಳದವಳು, ತನ್ನ ಮೇಕಪ್ಪನ್ನು ತಾನೇ ಮಾಡಿಕೊಳ್ಳುವವಳು, ಬೇರೆಯವರಿಗೆ ಮುಖ ಮುಟ್ಟಗೊಡುತ್ತಿರಲಿಲ್ಲ. ಕಣ್ಣಿನ ಪೊರೆ ತೆಗೆಸಿದ್ದೇನೆ, ಬೆಳಕು ಚುಚ್ಚುತ್ತದೆ ಎಂದು ಕ್ಯಾಮೆರಾ ಮುಂದೆ ಬರುವವರೆಗೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ಕನ್ನಡಕ ತೆಗೆದ ಮೇಲೆ ನಾವ್ಯಾರೂ ಆಕೆಯನ್ನು ನೋಡುತ್ತಿರಲಿಲ್ಲ, ಮಾನಿಟರನ್ನು ನೋಡುತ್ತಿದ್ದೆವು. ಅದೇ ನಮ್ಮ ಕಸುಬು. ಎದುರಿಗೆ ಮನುಷ್ಯಳಿದ್ದರೂ ನಾವು ಚೌಕಟ್ಟಿನಲ್ಲಿ ಏನು ಕಾಣುತ್ತದೋ ಅದನ್ನೇ ನಂಬುವ ಜಾತಿ.

ಆಕೆಗೆ ಅವಸರವಿತ್ತು. ಕೊನೆಯ ದೃಶ್ಯ, ಅಂದರೆ ಅಜ್ಜಿ ಗಾಡಿಯ ಪಕ್ಕ ಕೂತಲ್ಲೇ ಸಾಯುವ ದೃಶ್ಯ, ಬೇಗ ತೆಗೆದುಬಿಡಿ ಎಂದು ದಿನಾ ಕಾಡುತ್ತಿದ್ದಳು.

"ಮಳೆ ಮೋಡ ಹೋಗ್ಲಿ ಅಕ್ಕ," ಎನ್ನುತ್ತಿದ್ದ ಚುನ್. "ಆ ದೃಶ್ಯಕ್ಕೆ ನಂಗೆ ತೊಳೆದಿಟ್ಟಂಥ ಬಿಸಿಲು ಬೇಕು. ಗಾಡಿ ಸಂದಿಯಿಂದ ಬಂದು ನಿನ್ನ ಭುಜದ ಮೇಲೆ ಕೂರಬೇಕು."

"ನಿನ್ನ ಬಿಸಿಲು ಬರೋಷ್ಟರಲ್ಲಿ ನಾನು ನಿಜವಾಗ್ಲೂ ಸತ್ತಿರ್ತೀನಿ ಕಣೋ."

"ಥೂ, ಬಾಯಿ ತೊಳ್ಕೊ," ಎಂದು ಅವನು ಅಪಶಕುನ ಕಳೆಯಲೆಂದು ಮರದ ಪೆಟ್ಟಿಗೆ ಮುಟ್ಟಿದ. ಆಕೆ ನಕ್ಕಳು, ನಾವೂ ನಕ್ಕೆವು. ಬಿಸಿಲಿಗಾಗಿ ಕಾದೆವು. ಒಳ್ಳೆಯ ಕ್ಯಾಮೆರಾಮನ್ ಕಾಯಲು ಕಲಿತಿರಬೇಕು ಎಂದು ನಾನೇ ಎಷ್ಟು ಜನರಿಗೆ ಹೇಳಿದ್ದೇನೆ. ಈಗ ಹೇಳುವುದಿಲ್ಲ.

ಮೋಡ ಸರಿದ ದಿನ ಮೊದಲು ತೆಗೆಯಬೇಕಾಗಿದ್ದದ್ದು ಅಜ್ಜಿಯ ಶವಸಂಸ್ಕಾರದ ದೃಶ್ಯಕ್ಕೆ ಬೇಕಾದ ಪಟ, ಹೂವಿನ ನಡುವೆ ಚೌಕಟ್ಟು ಹಾಕಿ ಇಡುವಂಥದ್ದು. ಬದುಕಿರುವವರ ಸಾವಿನ ಪಟ ತೆಗೆಯುವುದೆಂದರೆ ನಮ್ಮವರಿಗೆ ಎಲ್ಲಿಲ್ಲದ ಭಯ. ನಟರ ಕೈಗೆ ಮೊದಲು ಒಳ್ಳೆಯ ಶಕುನಕ್ಕೆ ದುಡ್ಡಿಟ್ಟ ಕೆಂಪು ಲಕೋಟೆ ಕೊಡಬೇಕು, ಅವರು ನಗಲೇಬೇಕು. ಡುಮ್ಮ ಹುಂಗ್‌ಗೆ ಇನ್ನೊಂದು ನೇಮವಿತ್ತು, ಅವನ ಗುರು ಹೇಳಿಕೊಟ್ಟದ್ದು: ಸಾವಿನ ಪಟಕ್ಕೆ ಸಿನಿಮಾ ದೀಪ ಹಚ್ಚಬಾರದು, ಹಚ್ಚಿದರೆ ಆ ಮನುಷ್ಯನ ಆಯುಸ್ಸನ್ನು ದೀಪ ಕುಡಿಯುತ್ತದೆ. ಏನಿದ್ದರೂ ಸೂರ್ಯನ ಬೆಳಕಿನಲ್ಲೇ ತೆಗೆಯಬೇಕು. ಚುನ್ ಎಷ್ಟು ಗೊಣಗಿದರೂ ಅವನು ಜಗ್ಗಲಿಲ್ಲ. ಹಾಗಾಗಿ ನಾವೆಲ್ಲ ಕಟ್ಟಡದ ತಾರಸಿಗೆ ಹೋದೆವು.

ಲಾನ್ ಜೆ ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾನು ಕೆಂಪು ಲಕೋಟೆ ಕೊಟ್ಟೆ. ಸಹಾಯಕಿ ಬಿಳಿ ಕಾರ್ಡನ್ನು ಮುಖದ ಪಕ್ಕ ಹಿಡಿದಳು. ಚುನ್ ಕ್ಯಾಮೆರಾಗೆ ಬಿಳಿ ಹೇಳಿಕೊಟ್ಟು ಮಾನಿಟರ್ ನೋಡಿದ.

"ಕಾರ್ಡು ಕೊಳೆಯಾಗಿದೆ. ಬೇರೆ ತಾ."

ಬೇರೆ ತಂದರು.

"ಲೆನ್ಸ್ ಒರೆಸು."

ಒರೆಸಿದರು. ಅವನು ಮತ್ತೆ ನೋಡಿದ. "ಇನ್ನೂ ಹಳದಿ ಹೊಡೀತಿದೆಯಲ್ಲೋ," ಎಂದು ಹುಂಗ್‌ನನ್ನು ಬೈದ.

ಹುಂಗ್ ಕೈ ಮೇಲೆತ್ತಿದ. "ಚುನ್ ಶುಕ್, ಸೂರ್ಯನ್ನ ನಾವು ಬಾಡಿಗೆಗೆ ತಂದಿಲ್ಲ. ವಾಪಸ್ ಕೊಡೋಕಾಗಲ್ಲ."

ಎಲ್ಲರೂ ನಕ್ಕರು. ಚುನ್ ನಗಲಿಲ್ಲ. ಮಾನಿಟರಿನಲ್ಲಿ ಕಾರ್ಡು ಹಾಲಿನಷ್ಟು ಬೆಳ್ಳಗಿತ್ತು. ಅದರ ಪಕ್ಕದ ಮುಖ ಅರಿಸಿನ ಸವರಿದ ಹಾಗಿತ್ತು. ಅವನು ಒಮ್ಮೆ ಆಕಾಶ ನೋಡಿದ. ಆಮೇಲೆ ಕ್ಯಾಮೆರಾ ಬಿಟ್ಟು ನಿಧಾನವಾಗಿ ಅಕ್ಕನ ಬಳಿಗೆ ನಡೆದ. ಇಷ್ಟು ದಿನದಲ್ಲಿ ಮೊದಲ ಬಾರಿ ನಡುವೆ ಏನೂ ಇಲ್ಲದೆ ಆಕೆಯ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ಎತ್ತಿದ. ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆಯನ್ನು ಜಗ್ಗಿ ನೋಡಿದ, ಜ್ವರ ಬಂದ ಮಗುವಿನ ಕಣ್ಣನ್ನು ತಾಯಿ ನೋಡುವ ಹಾಗೆ. ಕಣ್ಣಿನ ಬಿಳಿ ಎಲ್ಲೂ ಬಿಳಿಯಾಗಿ ಉಳಿದಿರಲಿಲ್ಲ.

ಸಹಾಯಕಿ ಹಿಡಿದಿದ್ದ ಕಾರ್ಡನ್ನು ಕೆಳಗಿಳಿಸಿದಳು.

"ಫೋಟೋ ತೆಗಿ," ಎಂದಳು ಲಾನ್ ಜೆ, ಮೆಲ್ಲನೆ. "ಆಮೇಲೆ ಬೈಯುವಿಯಂತೆ. ಬಿಸಿಲು ಹೋಗುತ್ತೆ."

"ಅಕ್ಕಾ..."

"ಹೋಗೋ, ಎಲ್ಲರೂ ಕಾಯ್ತಿದಾರೆ."

ಅವನು ಹಿಂದಕ್ಕೆ ಬಂದು ಚಿತ್ರ ತೆಗೆದ. ಬಣ್ಣ ತಿದ್ದಲಿಲ್ಲ. ನೇಮದ ಪ್ರಕಾರ ಲಾನ್ ಜೆ ಲಕೋಟೆ ಹಿಡಿದುಕೊಂಡು ಚೆನ್ನಾಗಿ ನಕ್ಕಳು.

ಪಿತ್ತನಾಳದ ಬಳಿ ಗಡ್ಡೆ, ಅದರಿಂದ ಬಂದ ಕಾಮಾಲೆ. ಡಾಕ್ಟರು, ಸ್ವಲ್ಪ ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರು. ಆ "ಏನೋ" ಎಂಬುದನ್ನು ಚುನ್ ಮನೆಗೆ ಕೊಂಡುಹೋಗಿ ದಿನವೂ ತಿಂದ. ಅದು ಅವನನ್ನು ತಿಂದಿತು ಎಂದರೂ ಸರಿಯೇ.

ಆಸ್ಪತ್ರೆಯಲ್ಲಿ ಅವರಿಬ್ಬರು ಮಾತಾಡಿದ್ದು ನಾನಿದ್ದಾಗಲೇ. ನಾನು ಎದ್ದು ಹೊರಟರೆ ಲಾನ್ ಜೆ ಕೈ ಹಿಡಿದು ಕೂರಿಸಿಕೊಂಡಳು, ತಮ್ಮನನ್ನು ಒಬ್ಬಳೇ ಎದುರಿಸಲು ಅವಳಿಗೂ ಹೆದರಿಕೆಯಿತ್ತೆಂದು ಕಾಣುತ್ತದೆ.

"ಯಾವಾಗಿಂದ ಗೊತ್ತಿತ್ತು?" ಎಂದ ಚುನ್.

"ನಾವು ಹಂದಿ ಕಡಿದು ಪೂಜೆ ಮಾಡಿದ್ವಲ್ಲ, ಅದಕ್ಕೂ ಮುಂಚೆ."

"ಡಾಕ್ಟ್ರು ಏನಂದಿದ್ರು?"

"ಆಪರೇಷನ್ ಅಂದಿದ್ರು."

"ಮಾಡಿಸ್ಕೊಳ್ಳೋಕೇನಾಗಿತ್ತು ನಿಂಗೆ? ಏನಾಗಿತ್ತು ಹೇಳು!" ಅವನ ಕೂಗಿಗೆ ಪಕ್ಕದ ಮಂಚದವರು ತಿರುಗಿ ನೋಡಿದರು.

"ಮಾಡಿಸ್ಕೊಂಡಿದ್ರೆ ಇವರು ಬೇರೆ ಅಜ್ಜೀನ ಕರೀತಿದ್ರು. ಆ ಅಜ್ಜಿ ನಿನ್ನ ಕರ್ಕೊಂಡು ಬರ್ತಿರ್ಲಿಲ್ಲ."

"ನಾನೇನು ಉಪವಾಸ ಬಿದ್ದಿದ್ನಾ? ಅಂಗಡಿ ಇತ್ತು."

"ಆ ಅಂಗಡೀಲಿ ನಿನ್ನ ನೋಡಿದೀನಿ ಕಣೋ. ಒಂದ್ಸಲ ಹೊರಗೆ ನಿಂತು ನೋಡಿದ್ದೆ. ಜನ ಬಂದು ಕೂತ್ರೆ ಅವರ ಮುಖಾನೂ ನೋಡ್ತಿರ್ಲಿಲ್ಲ ನೀನು, ಗುಂಡಿ ಒತ್ತುತಿದ್ದೆ. ನನ್ನ ತಮ್ಮ ಸತ್ತೋಗಿದಾನೆ, ಅವನ ಅಂಗಿ ಕೂತಿದೆ ಅನ್ನಿಸ್ತು."

ಚುನ್ ಮಂಚದ ಕಂಬಿಯನ್ನು ಹಿಡಿದುಕೊಂಡಿದ್ದ. "ನಿನ್ನ ಮುಖಾನೂ ನೋಡ್ಲಿಲ್ವಲ್ಲ ಅಕ್ಕ. ಎಲ್ಲರೂ ದೀಪ ಸರಿಯಾಗಿದೆ ಅಂದ್ರು. ದಿನಾ ಆ ಹಳದೀನ ನಾನೇ ಒರೆಸಿಹಾಕ್ದೆ. ಒಂದು ಹಾಳೆ, ಎರಡು ಹಾಳೆ..."

"ನೀನು ನೋಡ್ದೆ ಕಣೋ. ನೋಡಿದ್ದಕ್ಕೇ ಸರಿಮಾಡ್ದೆ." ಆಕೆಗೆ ನಗು ಬಂತು, ನಗುವಾಗ ಹೊಟ್ಟೆ ಹಿಡಿದುಕೊಂಡಳು. "ಮಾನಿಟರಿನಲ್ಲಿ ನೋಡ್ಕೊಂಡ್ರೆ ನಂಗೇ ಅನ್ನಿಸ್ತಿತ್ತು ಮನ್, ಪರವಾಗಿಲ್ಲ, ವಾಸಿಯಾಗ್ತಿದೆ ಅಂತ."

ನಾನು ಮುಖ ತಿರುಗಿಸಿದೆ. ನನಗೆ ಆಕೆಯ ಮೇಲೆ ಸಿಟ್ಟು ಬಂದಿತ್ತು. ಈಗಲೂ ಇದೆ. ಕೇಳದೆ ಹೇಳದೆ ತನ್ನ ಬದುಕನ್ನು ಹೀಗೆ ತಂದು ಇನ್ನೊಬ್ಬರ ಮಡಿಲಿಗೆ ಸುರಿಯಬಾರದು. ಪ್ರೀತಿಯಲ್ಲೂ ಒಂದು ನ್ಯಾಯ ಇರಬೇಕು.

ಕೊನೆಯ ದೃಶ್ಯ ಮಾಡಿಯೇ ಹೋಗುತ್ತೇನೆ ಎಂದು ಲಾನ್ ಜೆ ಹಟ ಹಿಡಿದಳು. ಈ ಸಲ ಹಟ ನಡೆಯಲಿಲ್ಲ. ಮಂಚದಿಂದ ಎದ್ದು ಕೂರುವುದೇ ಆಕೆಗೆ ಆಗದಾಯಿತು. ಡ್ರ್ಯಾಗನ್ ದೋಣಿಯ ಹಬ್ಬದ ಹೊತ್ತಿಗೆ, ಹೊರಗೆ ತೊಳೆದಿಟ್ಟಂಥ ಬಿಸಿಲು ಬಿದ್ದಿದ್ದ ಒಂದು ಬೆಳಿಗ್ಗೆ, ತಮ್ಮ ಗಂಜಿ ತರಲು ಕೆಳಗೆ ಹೋಗಿದ್ದಾಗ ಹೋಗಿಬಿಟ್ಟಳು.

ಸಿನಿಮಾ ನಿಲ್ಲಿಸುವ ಹಾಗಿರಲಿಲ್ಲ. ಲೋಕ್-ಯೀ ಅತ್ತು ಅತ್ತು ಕಥೆ ಬದಲಾಯಿಸಿದಳು. ಅಜ್ಜಿಯ ಸಾವನ್ನು ತೋರಿಸುವುದಿಲ್ಲ, ಮುಚ್ಚಿದ ಗಾಡಿ, ಆಮೇಲೆ ಹೂವಿನ ನಡುವೆ ಆ ಪಟ, ಅಷ್ಟೇ. ಬೇರೆ ಕ್ಯಾಮೆರಾಮನ್‌ನನ್ನು ಕರೆಯುತ್ತೇನೆ ಎಂದು ನಾನು ಚುನ್‌ಗೆ ಹೇಳಿದೆ. ಮರುದಿನ ಅವನೇ ಬಂದು ಕೆಲಸ ಮಾಡಿದ. ಪಟದ ಗಾಜಿನಲ್ಲಿ ದೀಪದ ಪ್ರತಿಬಿಂಬ ಬೀಳುತ್ತದಲ್ಲ, ಅದಕ್ಕೆ ಗಾಜನ್ನು ತೆಗೆದಿಟ್ಟ. ಹುಂಗ್ ಪಕ್ಕಕ್ಕೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ. ಸಾವಿನ ಪಟಕ್ಕೆ ದೀಪ ಹಚ್ಚಬಾರದು ಎಂಬ ಮಾತನ್ನು ಅವತ್ತು ಅವನೂ ಎತ್ತಲಿಲ್ಲ.

ಸಂಕಲನ ಮುಗಿದ ಮೇಲೆ ಬಣ್ಣ ತಿದ್ದುವ ಕೆಲಸಕ್ಕೆ ಕ್ವುನ್ ಟೋಂಗ್‌ನ ಒಂದು ಕೋಣೆಗೆ ಹೋದೆವು. ಕ್ಯಾಮೆರಾಮನ್‌ನನ್ನು ಒಪ್ಪಿಕೊಳ್ಳುವಾಗಲೇ ಈ ಕೋಣೆಗೂ ಬಂದು ಕೂರುತ್ತೀಯಾ ಎಂದು ಕೇಳಿಟ್ಟುಕೊಳ್ಳಬೇಕು, ಇಲ್ಲವಾದರೆ ಅವನಿಟ್ಟ ಬೆಳಕನ್ನು ಇನ್ಯಾರೋ ಕೆಡಿಸುತ್ತಾರೆ. ಚುನ್ ಬಂದು ಕೂತ. ದೊಡ್ಡ ಪರದೆಯ ಮೇಲೆ ಆ ಪಟ ಬಂತು. ತಾರಸಿ, ಬಿಸಿಲು, ನಗು, ಹಳದಿ.

ಬಣ್ಣ ತಿದ್ದುವವಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. "ಇದೊಂದು ಶಾಟ್ ಹಳದಿ ಹೊಡೀತಿದೆಯಲ್ಲ," ಎಂದು ಅವಳ ಪಾಡಿಗೆ ಗುಂಡಿ ತಿರುಗಿಸಿದಳು. ಒಂದೇ ಉಸಿರಿನಲ್ಲಿ ಲಾನ್ ಜೆ ಗುಣವಾದಳು. ಕೆನ್ನೆಗೆ ರಕ್ತ ಬಂತು, ಕಣ್ಣು ಬೆಳ್ಳಗಾಯಿತು, ಚಹಾ ಅಂಗಡಿಯಲ್ಲಿ ನಮ್ಮೆದುರು ಕೂತು ಹಟ ಮಾಡಿದ ಹೆಂಗಸು ಪರದೆಯ ತುಂಬ ನಗುತ್ತಿದ್ದಳು.

ಚುನ್ ಬಹಳ ಹೊತ್ತು ನೋಡಿದ. "ವಾಪಸ್ ಹಾಕಮ್ಮ," ಎಂದ.

"ಶುಕ್, ಆಗ ಕಾಯಿಲೆಯವರ ಥರ ಕಾಣ್ತಾರೆ."

"ಕಾಯಿಲೆ ಇತ್ತು. ಕಾಣ್ಲಿ."

ಆಮೇಲೆ ನಾವಿಬ್ಬರೇ ಕೆಳಗಿಳಿದು ಚಹಾ ಕುಡಿಯಲು ಕೂತೆವು. ಹೇಳಬೇಕಾದ ವಿಷಯವೊಂದನ್ನು ನಾನು ಬೆಳಿಗ್ಗೆಯಿಂದ ನುಂಗಿಕೊಂಡಿದ್ದೆ. ಲೋಕ್-ಯೀ ತನ್ನ ಸಿನಿಮಾವನ್ನು ಕೆಲವರಿಗೆ ತೋರಿಸಿದ್ದಳು. ಅದನ್ನು ನೋಡಿದ ಇಬ್ಬರು ನಿರ್ದೇಶಕರು ನನಗೆ ಫೋನು ಮಾಡಿದ್ದರು, ಅದರಲ್ಲಿ ಒಬ್ಬಾಕೆ ದೊಡ್ಡ ಹೆಸರಿನವಳು. ಆ ಕ್ಯಾಮೆರಾಮನ್ ನಮಗೆ ಬೇಕು, ಎಷ್ಟು ನಿಧಾನವಾದರೂ ಪರವಾಗಿಲ್ಲ ಎಂದಿದ್ದರು. ಹೇಳಿದೆ.

ಚುನ್ ಕಪ್ ಕೆಳಗಿಟ್ಟ. "ಏನು ನೋಡಿ ಕೇಳ್ತಿದಾರೆ?"

ಸುಳ್ಳು ಹೇಳಬಹುದಿತ್ತು. ನನ್ನಿಂದ ಆಗಲಿಲ್ಲ. "ಅಕ್ಕನ ಮುಖ ನೋಡಿ. ವಯಸ್ಸಾದೋರ ಮುಖಕ್ಕೆ ಇಂಥ ಬೆಳಕು ಇಟ್ಟೋರನ್ನ ಅವರು ಕಂಡೇ ಇಲ್ವಂತೆ. ಆ ತಣ್ಣನೆ ನೀಲಿ ಇದೆಯಲ್ಲ, ಅದು ಬೇಕಂತೆ."

ಆಸ್ಪತ್ರೆಯಲ್ಲಾಗಲಿ, ಸುಡುಗಾಡಿನಲ್ಲಾಗಲಿ ಅಳದವನು ಅಲ್ಲಿ, ಹಾಲು ಚಹಾದ ಎದುರು, ಮೇಜಿಗೆ ತಲೆಯಿಟ್ಟು ಅತ್ತ. ಅಂಗಡಿಯವನು ಬಿಲ್ಲು ತಂದವನು ಹಾಗೇ ಹಿಂದಕ್ಕೆ ಹೋದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ.

"ಬೇಡ ಅಂತೀನಿ ಬಿಡು," ಎಂದೆ. "ಹುಷಾರಿಲ್ಲ ಅಂತ ಹೇಳ್ತೀನಿ. ಯಾರೂ ಏನೂ ಅಂದ್ಕೊಳ್ಳಲ್ಲ."

ಅವನು ತಲೆಯೆತ್ತದೆಯೇ, "ಬೇಡ ಅನ್ನೋಕೆ ನಂಗೇನು ಹಕ್ಕಿದೆ ಮನ್?" ಎಂದ. "ಅವಳು ಪ್ರಾಣ ಕೊಟ್ಟು ಕೊಡಿಸಿದ ಕೆಲಸ ಇದು."

ಸ್ವಲ್ಪ ಹೊತ್ತಿನ ಮೇಲೆ ಎದ್ದು ಕೂತು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಒಪ್ಕೊ," ಎಂದ. "ಯಾವತ್ತಿಂದ ಅಂತ ಕೇಳು."